ಬೈಬಲ್ ಅಧ್ಯಯನಕ್ಕೆ ಯಾವ ಗ್ರಂಥ? ಕೊಳ್ಳುವ ಮುನ್ನ ತೆರೆದು ನೋಡಬೇಕಾದ ಪುಟಗಳು

ಬೆಸಗರಹಳ್ಳಿ: ಬೈಬಲನ್ನು ಭಕ್ತಿಗಾಗಿ ಓದುವವರಿಗೆ ಕನ್ನಡದಲ್ಲಿ ಪುಸ್ತಕಗಳ ಕೊರತೆಯಿಲ್ಲ. ಆದರೆ ಅದನ್ನು ಯಾರು ಬರೆದರು, ಯಾವಾಗ ಬರೆದರು, ಮೊದಲ ಮೂರು ನಾಲ್ಕು ಶತಮಾನಗಳ ಕ್ರೈಸ್ತರು ಹೇಗೆ ಬದುಕಿದರು ಎಂಬ ಪ್ರಶ್ನೆಗಳನ್ನಿಟ್ಟುಕೊಂಡು ಇತಿಹಾಸವಾಗಿ ಓದಬಯಸುವವರಿಗೆ ದೊರೆಯುವ ವಿದ್ವತ್ ಗ್ರಂಥಗಳು ತೀರಾ ವಿರಳ. ಕಥೆಗಾರ ಬೆಸಗರಹಳ್ಳಿ ರಾಮಣ್ಣನವರಿಂದಾಗಿ ನಾಡಿಗೆ ಪರಿಚಿತವಾದ, ಮದ್ದೂರು ತಾಲ್ಲೂಕಿನ ಈ ಊರಿನಂತಹ ಸ್ಥಳದಲ್ಲಿದ್ದುಕೊಂಡು ಮೈಸೂರು ವಿಶ್ವವಿದ್ಯಾನಿಲಯದ ಕ್ರೈಸ್ತ ಅಧ್ಯಯನ ವಿಭಾಗಕ್ಕೋ, ಇತಿಹಾಸದ ಪ್ರಬಂಧಕ್ಕೋ ಸಿದ್ಧತೆ ನಡೆಸುವ ವಿದ್ಯಾರ್ಥಿಗೆ ಇಂಗ್ಲಿಷ್ ಪುಸ್ತಕಗಳೇ ಗತಿ.

ತೊಡಕು ಆರಂಭವಾಗುವುದು ಇಲ್ಲಿಂದ. ಅಂತರಜಾಲದಲ್ಲಿ ಉಚಿತವಾಗಿ ದೊರೆಯುವ ಗ್ರಂಥಗಳಲ್ಲಿ ಬಹುಪಾಲು ಹಕ್ಕುಸ್ವಾಮ್ಯದ ಅವಧಿ ಮುಗಿದಂಥವು. ಆಲ್ಫ್ರೆಡ್ ಎಡರ್‌ಶೈಮ್ 1883ರಲ್ಲಿ ಪ್ರಕಟಿಸಿದ ಯೇಸುವಿನ ಜೀವನಚರಿತ್ರೆ ಇಂದಿಗೂ ಕೈಗೆ ಸುಲಭವಾಗಿ ಸಿಗುತ್ತದೆ, ಅಂದವಾಗಿಯೂ ಇದೆ. ಆದರೆ ಈಜಿಪ್ಟಿನ ನಾಗ್ ಹಮ್ಮಾದಿಯಲ್ಲಿ ಪ್ರಾಚೀನ ಗ್ರಂಥಗಳು ದೊರೆತದ್ದು 1945ರಲ್ಲಿ, ಮೃತ ಸಮುದ್ರದ ಬಳಿಯ ಸುರುಳಿಗಳು ಬೆಳಕಿಗೆ ಬಂದದ್ದು 1947ರಲ್ಲಿ. ಯೇಸುವಿನ ಕಾಲದ ಯೆಹೂದ್ಯರ ಬದುಕು, ನಂಬಿಕೆಗಳ ಕುರಿತ ತಿಳಿವಳಿಕೆಯನ್ನೇ ಈ ಶೋಧಗಳು ಬದಲಿಸಿದವು. ಅವುಗಳಿಗೂ ಮುನ್ನಿನ ಪುಸ್ತಕವನ್ನು ಇಂದಿನ ವಿದ್ವತ್ತೆಂದು ಭಾವಿಸಿ ಟಿಪ್ಪಣಿ ಮಾಡಿಕೊಂಡರೆ ವರ್ಷವಿಡೀ ಮಾಡಿದ ಓದು ಪರೀಕ್ಷಕರ ಮುಂದೆ ನಿಲ್ಲಲಾರದು.

ಪುಸ್ತಕದ ಹಿನ್ನೆಲೆಯನ್ನು ಏಕೆ ಪರಿಶೀಲಿಸಬೇಕು ಎಂಬುದಕ್ಕೆ ಮಂಡ್ಯ ಜಿಲ್ಲೆಯಲ್ಲೇ ಒಂದು ನಿದರ್ಶನವಿದೆ. 1799ರಲ್ಲಿ ಟಿಪ್ಪು ಸುಲ್ತಾನರ ಪತನಾನಂತರ ಶ್ರೀರಂಗಪಟ್ಟಣಕ್ಕೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬೊವಾ ಅವರು ಹಿಂದೂ ಆಚಾರ ವ್ಯವಹಾರಗಳ ಕುರಿತು ಬರೆದ ಗ್ರಂಥ 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಅದನ್ನು ತಲೆಮಾರುಗಳ ಕಾಲ ಪ್ರತ್ಯಕ್ಷದರ್ಶಿಯ ಬರಹವೆಂದೇ ಉಲ್ಲೇಖಿಸಲಾಯಿತು. ಅದರ ಗಣನೀಯ ಭಾಗ 18ನೇ ಶತಮಾನದ ಜೆಸ್ಯೂಟ್ ಪಾದ್ರಿ ಕೆರ್ದೂ ಅವರ ಬರಹದಿಂದ ಬಂದುದೆಂದು ಫ್ರೆಂಚ್ ಸಂಶೋಧಕಿ ಸಿಲ್ವಿಯಾ ಮ್ಯೂರ್ ತೋರಿಸಿಕೊಟ್ಟದ್ದು 1987ರಲ್ಲಿ. ಹೊಸ ಸಂಶೋಧನೆಯ ಮುನ್ನುಡಿಯಿಲ್ಲದ ಹಳೆಯ ಮರುಮುದ್ರಣಗಳನ್ನು ಕೊಂಡವರಿಗೆ ಈ ಸಂಗತಿ ತಿಳಿಯುವುದೇ ಇಲ್ಲ. ಪ್ರಕಾಶಕರು ಹೊದಿಕೆಯನ್ನು ಹೊಸದಾಗಿಸಿದ ಮಾತ್ರಕ್ಕೆ ಒಳಗಿನ ವಿಷಯ ಹೊಸದಾಗುವುದಿಲ್ಲ. ಮೊದಲ ಮುದ್ರಣದ ವರ್ಷವನ್ನು ನೋಡಬೇಕು.

ಎರಡನೆಯ ಪರೀಕ್ಷೆ ಮೂಲಪಾಠಕ್ಕೆ ಸಂಬಂಧಿಸಿದ್ದು. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ಶ್ರಮದಿಂದ ಇಡೀ ಬೈಬಲ್ ಕನ್ನಡದಲ್ಲಿ ಹೊರಬಂದದ್ದು 1831ರಲ್ಲಿ. ನಾಲ್ಕನೇ ಶತಮಾನದ ಸಿನಾಯ್ ಹಸ್ತಪ್ರತಿಯನ್ನು ಜರ್ಮನ್ ವಿದ್ವಾಂಸ ಟಿಶೆಂಡಾರ್ಫ್ ಬೆಳಕಿಗೆ ತಂದದ್ದು ಅದಾದ ಮೇಲೆ, 1844 ಮತ್ತು 1859ರಲ್ಲಿ. ಮಾರ್ಕನ ಸುವಾರ್ತೆ ಆ ಪ್ರತಿಯಲ್ಲಿ 16ನೇ ಅಧ್ಯಾಯದ 8ನೇ ವಚನಕ್ಕೇ ಮುಗಿಯುತ್ತದೆ. ನಂತರದ 12 ವಚನಗಳು ಅಲ್ಲಿಲ್ಲ. ಆದ್ದರಿಂದ ಅಧ್ಯಯನಕ್ಕೆಂದು ಬೈಬಲ್ ಕೊಳ್ಳುವವರು ಅಂಗಡಿಯಲ್ಲೇ ನಿಂತು ಈ ಪುಟವನ್ನು ತೆರೆಯಲಿ. 8ನೇ ವಚನದ ನಂತರ ಆವರಣ ಚಿಹ್ನೆಯೋ ಅಡಿಟಿಪ್ಪಣಿಯೋ ಇದ್ದರೆ ಸಂಪಾದಕರು ಹಸ್ತಪ್ರತಿಗಳನ್ನು ಗಮನಿಸಿದ್ದಾರೆಂದು ತಿಳಿಯಬಹುದು. ಆಕ್ಸ್‌ಫರ್ಡ್ ಮುದ್ರಣಾಲಯದ ಟಿಪ್ಪಣಿಸಹಿತ ಬೈಬಲ್ (ಐದನೇ ಆವೃತ್ತಿ, 2018) ಈ ಉದ್ದೇಶಕ್ಕೆ ಒಪ್ಪುವಂಥದ್ದು.

ಪಾಠಾಂತರ, ಪ್ರಕ್ಷೇಪ ಎಂಬ ಮಾತುಗಳು ಕನ್ನಡ ಎಂ.ಎ. ಓದಿದವರಿಗೆ ಹೊಸವಲ್ಲ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಓದಿದವರು ಬ್ರೂಸ್ ಮೆಟ್ಜರ್ ಅವರ ಹೊಸ ಒಡಂಬಡಿಕೆಯ ಪಾಠಸಂಪಾದನೆಯ ಕುರಿತ ಗ್ರಂಥವನ್ನು ಕೈಗೆತ್ತಿಕೊಂಡರೆ ಹಾದಿ ಅಷ್ಟೇನೂ ಅಪರಿಚಿತವೆನಿಸದು. ಇದು ಈ ವರದಿಗಾರನ ಅನಿಸಿಕೆಯಷ್ಟೆ. ಮೆಟ್ಜರ್ ಅವರ ಗ್ರಂಥದ ನಾಲ್ಕನೇ ಆವೃತ್ತಿ (2005) ಅವರ ಶಿಷ್ಯ ಬಾರ್ಟ್ ಎರ್ಮನ್ ಅವರೊಡನೆ ಜಂಟಿಯಾಗಿ ಸಿದ್ಧವಾದುದು.

ಲೇಖಕರು ನಂಬಿಕೆಯುಳ್ಳವರೋ ಅಲ್ಲವೋ ಎಂಬ ಪ್ರಶ್ನೆ ಅನೇಕರನ್ನು ಕಾಡುತ್ತದೆ. ರೇಮಂಡ್ ಬ್ರೌನ್ ಕ್ಯಾಥೊಲಿಕ್ ಪಾದ್ರಿಯಾಗಿದ್ದವರು; ಎರ್ಮನ್ ತಮ್ಮನ್ನು ಅಜ್ಞೇಯವಾದಿ ಎಂದು ಕರೆದುಕೊಂಡವರು. ಇಬ್ಬರ ಹೊಸ ಒಡಂಬಡಿಕೆಯ ಪ್ರವೇಶಿಕೆಗಳೂ 1997ರಲ್ಲಿ ಬಂದವು. ಸುವಾರ್ತೆಗಳ ಪೈಕಿ ಮಾರ್ಕನದೇ ಮೊದಲನೆಯದು, ಪೌಲನ ಹೆಸರಿನ 13 ಪತ್ರಗಳಲ್ಲಿ ಏಳರ ಬಗ್ಗೆ ಮಾತ್ರ ವಿವಾದವಿಲ್ಲ ಎಂಬಂತಹ ಮುಖ್ಯ ವಿಷಯಗಳಲ್ಲಿ ಇಬ್ಬರದೂ ಹೆಚ್ಚುಕಡಿಮೆ ಒಂದೇ ನಿಲುವು. ಎದುರು ಪಕ್ಷದ ವಾದವನ್ನು ನ್ಯಾಯವಾಗಿ ನಿರೂಪಿಸಿ, ಆಧಾರವನ್ನು ಮುಂದಿಟ್ಟು ಉತ್ತರಿಸುವ ಗ್ರಂಥವನ್ನು ಆರಿಸಿಕೊಳ್ಳಬೇಕೇ ಹೊರತು ಲೇಖಕರ ಮತವನ್ನಲ್ಲ.

ರಹಸ್ಯ ಸುವಾರ್ತೆ, ಮುಚ್ಚಿಟ್ಟ ಸತ್ಯ ಎಂಬ ತಲೆಬರಹಗಳ ಪುಸ್ತಕಗಳೂ ಮಾರುಕಟ್ಟೆಯಲ್ಲಿ ಸಾಕಷ್ಟಿವೆ. ಇವುಗಳ ಬಗ್ಗೆ ಎಚ್ಚರ ಬೇಕು. ಈಜಿಪ್ಟಿನ ಆಕ್ಸಿರಿಂಕಸ್‌ನ ಕಸದ ದಿಬ್ಬಗಳಲ್ಲಿ 1897ರಲ್ಲಿ ದೊರೆತ ಯೇಸುವಿನ ಮಾತುಗಳ ಹಾಳೆ ತೋಮನ ಸುವಾರ್ತೆಯದೆಂದು ಖಚಿತವಾದದ್ದು ನಾಗ್ ಹಮ್ಮಾದಿಯ ಪ್ರತಿ ಸಿಕ್ಕ ಬಳಿಕವೇ. ಅದೇ ದಿಬ್ಬಗಳಲ್ಲಿ ದೊರೆತು 1903ರಲ್ಲಿ ಪ್ರಕಟವಾದ ಗ್ರೀಕ್ ಪ್ರಹಸನದಲ್ಲಿ ಕನ್ನಡ ಮಾತುಗಳಿವೆ ಎಂದು ಮರುವರ್ಷ ಹುಲ್ಟ್ಸ್ ವಾದಿಸಿದರು. ಮಂಜೇಶ್ವರದ ಗೋವಿಂದ ಪೈಗಳೂ ಅದರ ಬಗ್ಗೆ ಬರೆದರು. ಬೇರೆ ವಿದ್ವಾಂಸರು ಅದನ್ನು ಒಪ್ಪಲಿಲ್ಲ. ನಮಗೆ ಪ್ರಿಯವಾದ ವಾದಕ್ಕೂ ವಿರೋಧವುಂಟೆಂದು ಹೇಳುವ ಪುಸ್ತಕವನ್ನೇ ನೆಚ್ಚಬೇಕು. ‘ಗೊಲ್ಗೊಥಾ’ ಬರೆದ ಕವಿಯ ಬಗ್ಗೆ ನಮಗಿರುವ ಅಭಿಮಾನ ಇದಕ್ಕೆ ಅಡ್ಡಿಯಾಗಬಾರದು.

ಭಾರತದ ಆದಿ ಕ್ರೈಸ್ತರ ವಿಷಯದಲ್ಲಿಯೂ ಇದೇ ಮಾನದಂಡ. ಸಂತ ತೋಮಸರು ಭಾರತಕ್ಕೆ ಬಂದರೆಂಬ ಸಂಪ್ರದಾಯದ ಹಳೆಯ ಲಿಖಿತ ಆಧಾರ ಮೂರನೇ ಶತಮಾನದ ಸಿರಿಯಾಕ್ ಕೃತಿ. ಎ. ಮಥಿಯಾಸ್ ಮುಂಡಾದನ್ ಅವರ ಇತಿಹಾಸದ ಮೊದಲ ಸಂಪುಟ, ರಾಬರ್ಟ್ ಫ್ರೈಕನ್‌ಬರ್ಗ್ ಅವರ 2008ರ ಗ್ರಂಥ ಎರಡನ್ನೂ ಜೊತೆಗಿಟ್ಟು ಓದಿದರೆ ಸಂಪ್ರದಾಯ ಎಲ್ಲಿ ಮುಗಿಯುತ್ತದೆ, ದಾಖಲೆ ಎಲ್ಲಿ ಆರಂಭವಾಗುತ್ತದೆ ಎಂಬುದು ತಿಳಿಯುತ್ತದೆ.

ಇನ್ನು ಬೆಲೆಯ ಮಾತು. ವಿದೇಶಿ ಮುದ್ರಣಗಳು ಸಾಮಾನ್ಯ ವಿದ್ಯಾರ್ಥಿಯ ಕೈಗೆಟುಕುವುದು ಕಷ್ಟ. ಬ್ರೌನ್ ಅವರ ಪ್ರವೇಶಿಕೆಯನ್ನೂ, 1990ರ ‘ನ್ಯೂ ಜೆರೋಮ್’ ವ್ಯಾಖ್ಯಾನ ಸಂಪುಟವನ್ನೂ ಬೆಂಗಳೂರಿನ ಥಿಯಲಾಜಿಕಲ್ ಪಬ್ಲಿಕೇಶನ್ಸ್ ಇನ್ ಇಂಡಿಯಾ ಸಂಸ್ಥೆ ಭಾರತೀಯ ಮುದ್ರಣವಾಗಿ ಹೊರತಂದಿದೆ. ಹಳೆಯ ಪುಸ್ತಕದಂಗಡಿಗಳಲ್ಲೂ ವಿಚಾರಿಸಬಹುದು. ವ್ಯಾಖ್ಯಾನ ಸಂಪುಟಕ್ಕೆ 2022ರಲ್ಲಿ ಹೊಸ ಉತ್ತರಾಧಿಕಾರಿ ಬಂದಿರುವುದರಿಂದ ಹಳೆಯದಕ್ಕೆ ಹೆಚ್ಚು ಹಣ ತೆರುವ ಅಗತ್ಯವಿಲ್ಲ. 1910ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿಗೆ ದೊಡ್ಡ ಗ್ರಂಥಾಲಯವಿದೆ. ಹೊರಗಿನವರ ಪ್ರವೇಶಕ್ಕೆ ಅನುಮತಿಯನ್ನು ಮುಂಚಿತವಾಗಿ ಕೇಳಿಕೊಂಡು, ಬೇಕಾದ ಅಧ್ಯಾಯಗಳ ಪಟ್ಟಿಯೊಡನೆ ಮದ್ದೂರಿನಿಂದ ಬೆಳಗಿನ ರೈಲು ಹಿಡಿದರೆ ಒಂದು ದಿನದ ಕೆಲಸವಾದೀತು.