ಸೋತ ಮೇಕೆಮರಿ: ಮೊದಲು ಬಿಸಿ, ಆಮೇಲೆ ಹಾಲು

ಹುಟ್ಟಿದ ಒಂದೆರಡು ದಿನಗಳಲ್ಲೇ ಸಾಯುವ ಮೇಕೆಮರಿಗಳಲ್ಲಿ ಹಲವು ಚಳಿಗೂ ಹಸಿವಿಗೂ ಬಲಿಯಾಗುತ್ತವೆ. ಒದ್ದೆ ಮೈಯಲ್ಲಿ ಹೊರಬಿದ್ದ ಮರಿಯ ಮೈಬಿಸಿ ಬೇಗನೆ ಇಳಿಯತೊಡಗುತ್ತದೆ. ಹುಟ್ಟುವಾಗಲೇ ಮೈಯಲ್ಲಿರುವ ಕಂದು ಕೊಬ್ಬು ಕರಗಿ ಶಾಖ ಕೊಡುತ್ತದೆ, ಆದರೆ ಆ ದಾಸ್ತಾನು ಸುಮಾರು 5 ಗಂಟೆಯಲ್ಲಿ ಖಾಲಿ. ಅವಳಿಯಲ್ಲಿ ಸಣ್ಣದು, ದಿನ ತುಂಬದೆ ಹುಟ್ಟಿದ್ದು, ಹೆರಿಗೆ ತಡವಾಗಿ ಬಳಲಿದ್ದು ಹೆಚ್ಚಾಗಿ ಸೋಲುತ್ತವೆ.

ಗಟ್ಟಿಮುಟ್ಟಾದ ಮರಿ ಸಾಮಾನ್ಯವಾಗಿ ಗಂಟೆಯೊಳಗೆ ಎದ್ದು ನಿಂತು ಕೆಚ್ಚಲು ಹುಡುಕುತ್ತದೆ. ಸೋತದ್ದು ಬೆನ್ನು ಬಾಗಿಸಿ, ತಲೆ ಜೋತುಬಿಟ್ಟು ಮೂಲೆ ಸೇರುತ್ತದೆ. ಅದರ ಬಾಯೊಳಗೆ ಬೆರಳಿಟ್ಟರೆ ತಣ್ಣಗಿರುತ್ತದೆ, ಬೆರಳನ್ನು ಚೀಪುವುದೂ ಇಲ್ಲ. ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟಾಗ 102-103 ಡಿಗ್ರಿ ಫ್ಯಾರನ್‌ಹೀಟ್ ಇರಬೇಕು. 99ಕ್ಕಿಂತ ಕೆಳಗಿಳಿದಿದ್ದರೆ ಅಪಾಯ.

ಇಂಥ ಮರಿಯ ಬಾಯಿಗೆ ಹಾಲು ಹೊಯ್ಯುವುದು ಕೊಟ್ಟಿಗೆಗಳಲ್ಲಿ ನಡೆಯುವ ದೊಡ್ಡ ಎಡವಟ್ಟು. ತಣ್ಣಗಾದ ಕರುಳು ಹಾಲನ್ನು ಅರಗಿಸದು. ನುಂಗಲಾರದ ಮರಿಗೆ ಹಾಲು ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗುತ್ತದೆ. ಆದ್ದರಿಂದ ಮೊದಲು ಒಣಬಟ್ಟೆಯಿಂದ ಮೈ ಉಜ್ಜಿ ಒರೆಸಬೇಕು. ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಗಳನ್ನು ಪಕ್ಕದಲ್ಲಿಟ್ಟು, ಹುಲ್ಲು ಹಾಸಿದ ಪೆಟ್ಟಿಗೆಯಲ್ಲಿ ಗೋಣಿಚೀಲ ಹೊದಿಸಿ ಮಲಗಿಸಬೇಕು. ಬೆಚ್ಚನೆಯ ನೀರಿನಲ್ಲಿ ಇಳಿಬಿಡುವುದಾದರೆ ತಲೆ ಹೊರಗಿರುವಂತೆ ಕುತ್ತಿಗೆಯವರೆಗೆ ಪ್ಲಾಸ್ಟಿಕ್ ಚೀಲ ತೊಡಿಸುವುದು ಜಾಣತನ. ಮೈಯ ವಾಸನೆ ತೊಳೆದುಹೋದರೆ ತಾಯಿ ಮರಿಯನ್ನು ಹತ್ತಿರ ಸೇರಿಸದೆ ಇರಬಹುದು. ಬಿಸಿಗಾಗಿ ಬಲ್ಬು ತೂಗುಹಾಕುವವರು ಒಣಹುಲ್ಲಿಗೆ ಬೆಂಕಿ ತಗುಲದಷ್ಟು ಎತ್ತರ ನೋಡಿಕೊಳ್ಳಲಿ.

ಹುಟ್ಟಿ 5 ಗಂಟೆ ದಾಟಿ ಮೈ ತಣ್ಣಗಾದ ಮರಿಯ ಮಾತೇ ಬೇರೆ. ಅದರ ರಕ್ತದಲ್ಲಿ ಸಕ್ಕರೆ ಬತ್ತಿರುತ್ತದೆ. ಹಾಗೇ ಬಿಸಿ ಕೊಟ್ಟರೆ ಸೆಳೆತ ಬಂದು ಸಾಯಬಹುದು. ಬಿಸಿಗೂ ಮೊದಲು ಹೊಟ್ಟೆಯೊಳಗೆ ಗ್ಲೂಕೋಸ್ ಚುಚ್ಚುಮದ್ದು ಬೇಕು. ಅದು ಪಶುವೈದ್ಯರ ಕೆಲಸ.

ಮೈ ಬೆಚ್ಚಗಾಗಿ ತಲೆ ಎತ್ತಿದ ಮೇಲೆ ಗಿಣ್ಣುಹಾಲಿನ ಸರದಿ. ಮೇಕೆಯ ರೋಗನಿರೋಧಕ ಅಂಶಗಳು ಗರ್ಭದಲ್ಲಿ ಮರಿಗೆ ದಾಟುವುದಿಲ್ಲ, ಗಿಣ್ಣಿನಿಂದಲೇ ಸಿಗಬೇಕು. ಅವನ್ನು ಹೀರುವ ಕರುಳಿನ ಶಕ್ತಿ ಗಂಟೆಗಂಟೆಗೂ ಕುಗ್ಗಿ ಒಂದು ದಿನದೊಳಗೆ ಮುಗಿದೇ ಹೋಗುತ್ತದೆ. ಮೊದಲ ದಿನ ಮೈತೂಕದ ಹತ್ತರಲ್ಲೊಂದು ಭಾಗವಾದರೂ ಒಳಹೋಗಬೇಕು: 2 ಕೆ.ಜಿ. ಮರಿಗೆ 200 ಮಿ.ಲೀ., ನಾಲ್ಕೈದು ಸಲ ಹಂಚಿ. ತಾಯಿಯ ಮೊಲೆತೊಟ್ಟಿನ ತುದಿ ಕಟ್ಟಿಕೊಂಡಿರುತ್ತದೆ, ಮೊದಲೆರಡು ಧಾರೆ ಕರೆದು ಬಿಡಿಸಬೇಕು. ತಾಯಿಗೆ ಹಾಲಿಲ್ಲದಿದ್ದರೆ ಆಗತಾನೆ ಈದ ಬೇರೆ ಮೇಕೆಯದೋ ಹಸುವಿನದೋ ಗಿಣ್ಣು ನಡೆಯುತ್ತದೆ. ಚೀಪುವ ಮರಿಗೆ ಬಾಟಲಿ ಸಾಕು, ಆದರೆ ತಲೆಯನ್ನು ಹಿಂದಕ್ಕೆ ಬಗ್ಗಿಸಬಾರದು. ಚೀಪದ್ದಕ್ಕೆ ನಳಿಕೆ ಬೇಕು. ಮೂಗಿನ ತುದಿಯಿಂದ ಕೊನೆಯ ಪಕ್ಕೆಲುಬಿನವರೆಗೆ ಅಳೆದು ಗುರುತು ಮಾಡಿ ಇಳಿಸುವ ಈ ವಿದ್ಯೆಯನ್ನು ಬಲ್ಲವರ ಕೈಯಿಂದ ಕಲಿಯದೆ ಪ್ರಯೋಗಿಸಬಾರದು.

ಹೊಕ್ಕುಳಬಳ್ಳಿಯನ್ನು ಟಿಂಚರ್ ಅಯೋಡಿನ್‌ನಲ್ಲಿ ಅದ್ದುವುದನ್ನು ಈ ಗಡಿಬಿಡಿಯಲ್ಲಿ ಮರೆಯುವಂತಿಲ್ಲ. ಒದ್ದೆ ಹೊಕ್ಕುಳಿನಿಂದ ಸೋಂಕು ಹತ್ತಿ ಕೀಲುಗಳು ಬಾತುಕೊಳ್ಳುತ್ತವೆ.

ಅಸಲಿಗೆ ಮರಿಯ ಆರೈಕೆ ಗಬ್ಬದ ಮೇಕೆಯ ಮೇವಿನಿಂದಲೇ ಶುರುವಾಗುತ್ತದೆ. ಸುಮಾರು 150 ದಿನಗಳ ಗಬ್ಬದಲ್ಲಿ ಮರಿ ಹೆಚ್ಚು ಬೆಳೆಯುವುದು ಕೊನೆಯ ಆರು ವಾರಗಳಲ್ಲಿ. ಆಗ ಹಸಿಮೇವಿನ ಜತೆ ಒಂದಿಷ್ಟು ಕಾಳು, ಹಿಂಡಿ ಹಾಕದೆ ಕೈ ಬಿಗಿಹಿಡಿದವರ ದೊಡ್ಡಿಯಲ್ಲಿ ಸೋತ ಮರಿಗಳು ಹೆಚ್ಚು.

ಬಿಸಿ ಕೊಟ್ಟರೂ ತಲೆ ಎತ್ತದ, ಉಸಿರಾಡುವಾಗ ಗೊರಗುಟ್ಟುವ ಮರಿಗೆ ಮನೆಮದ್ದಿನಲ್ಲಿ ಹೊತ್ತು ಕಳೆಯಬಾರದು. ಪಶು ಸಂಚಾರಿ ಚಿಕಿತ್ಸಾ ವಾಹನದ ಸಹಾಯವಾಣಿ 1962ಕ್ಕೆ ಕರೆ ಮಾಡಲು ದುಡ್ಡು ಕೊಡಬೇಕಿಲ್ಲ.