ಬಿಳಿ ವೈನಿಗೆ ಎಂಥ ನೆಲ?

ಖಾನಾಪುರ ತಾಲ್ಲೂಕಿನ ಬೀಡಿಯಿಂದ ಪಡುವಣಕ್ಕೆ ಹೊರಟರೆ ಮಲಪ್ರಭೆ ಹುಟ್ಟುವ ಕಣಕುಂಬಿ. ದಾರಿಯುದ್ದಕ್ಕೂ ಕೆಂಪು ಜಂಬಿಟ್ಟಿಗೆ ನೆಲ, ಬಿಡದ ಮಳೆ. ಮೂಡಣಕ್ಕೆ ಹೊರಟರೆ ಕಿತ್ತೂರು ದಾಟುತ್ತಲೇ ಬೈಲಹೊಂಗಲದ ಎರೆಭೂಮಿ. ಇನ್ನೂ ಉತ್ತರಕ್ಕೆ ಅಥಣಿಯ ದ್ರಾಕ್ಷಿ ಸೀಮೆ. ಬೆಳಗಾವಿ ಜಿಲ್ಲೆಯೊಂದರಲ್ಲೇ ಇಷ್ಟು ಬಗೆಯ ಮಣ್ಣಿರುವಾಗ, ಬಿಳಿ ವೈನಿನ ಗುಣವನ್ನು ಮಣ್ಣು ಹೇಗೆ ತಿದ್ದುತ್ತದೆ ಎಂಬುದು ನಮ್ಮ ರೈತರು ಕೇಳಬೇಕಾದ ಪ್ರಶ್ನೆಯೇ.

ಕೆಂಪು ವೈನಿನಲ್ಲಿ ರಸ ಸಿಪ್ಪೆಯ ಜೊತೆಗೇ ಹುದುಗುತ್ತದೆ. ಬಣ್ಣ, ಒಗರು ಎರಡೂ ಅಲ್ಲಿಂದಲೇ ಬರುತ್ತವೆ. ಬಿಳಿ ವೈನಿಗೆ ಹಣ್ಣು ಹಿಂಡಿ, ಸಿಪ್ಪೆ ತೆಗೆದು, ರಸವನ್ನು ತಂಪಿನಲ್ಲಿ ಹುದುಗಿಸುತ್ತಾರೆ. ಒಗರಿನ ಆಸರೆಯಿಲ್ಲದ ಈ ಪಾನೀಯ ನಿಲ್ಲುವುದು ಹುಳಿಯ ಮೇಲೆ. ಹುಳಿ ಇಳಿದರೆ ವೈನು ಸಪ್ಪೆ.

ಫ್ರಾನ್ಸಿನ ಶಾಬ್ಲಿಯಲ್ಲಿ ಸುಣ್ಣಕಲ್ಲಿನ ನೆಲದಲ್ಲಿ ಪುಟ್ಟ ಸಿಂಪಿಗಳ ಪಳೆಯುಳಿಕೆ ಸಿಗುತ್ತದೆ. ಅಲ್ಲಿನ ಶಾರ್ಡನೆ ವೈನಿನಲ್ಲಿ ಆ ಕಲ್ಲಿನ ರುಚಿಯೇ ಇದೆ ಎನ್ನುವವರುಂಟು. ಆದರೆ ಕಲ್ಲಿನ ರುಚಿ ಬೇರಿನ ಮೂಲಕ ಹಣ್ಣಿಗೆ ಏರುವುದಿಲ್ಲ. ಮಣ್ಣು ಆಳುವುದು ನೀರನ್ನು. ಗರಸು ನೆಲದಲ್ಲಿ ನೀರು ಬೇಗ ಬಸಿಯುತ್ತದೆ, ಬಳ್ಳಿ ಹದವಾಗಿ ಬಾಯಾರುತ್ತದೆ, ಎಲೆ ಕಡಿಮೆಯಾಗಿ, ಕಾಯಿ ಚಿಕ್ಕದಾಗಿ ರಸ ಗಟ್ಟಿಯಾಗುತ್ತದೆ. ಎರೆಮಣ್ಣು ನೀರು ಹಿಡಿದಿಡುತ್ತದೆ. ಬಳ್ಳಿ ಸೊಕ್ಕಿ ಬೆಳೆದು ಗೊಂಚಲಿಗೆ ನೆರಳು ಕವಿಯುತ್ತದೆ. ಪೊಟ್ಯಾಶ್ ಹೆಚ್ಚು ಹೀರಿದ ಬಳ್ಳಿಯ ರಸದಲ್ಲಿ ಹುಳಿಯ ಕಸುವು ತಗ್ಗುತ್ತದೆ. ಜರ್ಮನಿಯ ಮೋಸೆಲ್ ನದಿಯ ಇಳಿಜಾರಿನಲ್ಲಿ ಕರಿ ಪದರಗಲ್ಲು ಹಗಲಿನ ಕಾವು ಹಿಡಿದಿಟ್ಟು ರೀಸ್ಲಿಂಗ್ ದ್ರಾಕ್ಷಿ ಹಣ್ಣಾಗಲು ನೆರವಾಗುತ್ತದೆ. ನಮಗೆ ಕಾವಿನ ಕೊರತೆಯಿಲ್ಲ, ಬೇಕಿರುವುದು ರಾತ್ರಿಯ ತಂಪು.

ಅದಕ್ಕೇ ನಂದಿ ಬೆಟ್ಟದ ತಪ್ಪಲು ಗಮನ ಸೆಳೆಯಿತು. ಸುಮಾರು 900 ಮೀಟರ್ ಎತ್ತರದ ಆ ಕೆಂಪು ನೆಲದಲ್ಲಿ ಕನ್ವಲ್ ಗ್ರೋವರ್ 1988ರಲ್ಲಿ ವೈನ್ ದ್ರಾಕ್ಷಿಯ ಸಾಹಸಕ್ಕೆ ಇಳಿದರು. ರಾಜ್ಯದ ವೈನ್ ನೀತಿ ಬಂದದ್ದು 2007ರಲ್ಲಿ. ಆಗ ನಂದಿ ಕಣಿವೆಯ ಜೊತೆಗೆ ನಮ್ಮ ಕೃಷ್ಣಾ ಕಣಿವೆಯೂ ಲೆಕ್ಕಕ್ಕೆ ಬಂತು. ಅಥಣಿಯವರಿಗೆ ಬಳ್ಳಿ ಸವರುವ ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಹೇಳಿಕೊಡಬೇಕಿಲ್ಲ. ಸವಳು ನೀರು, ಬರ ತಾಳುವ ಡಾಗ್‌ರಿಜ್ ಬೇರಿನ ಮೇಲೆ ಕಸಿ ಕಟ್ಟುವುದೂ ಅವರಿಗೆ ಗೊತ್ತು. ಆದರೆ ಆ ಜಾಣ್ಮೆಯೆಲ್ಲ ಬಹುಪಾಲು ಒಣದ್ರಾಕ್ಷಿಗೆ, ಅಂದರೆ ಸಿಹಿಗೆ ದುಡಿದಿದೆ. ವೈನಿಗೆ ಸಿಹಿಯಷ್ಟೇ ಹುಳಿಯೂ ಬೇಕು.

ನನ್ನ ಮಟ್ಟಿಗೆ, ಬೆಳಗಾವಿ ಜಿಲ್ಲೆಯ ಒಳ್ಳೆಯ ಬಿಳಿ ವೈನು ಆಳವಾದ ಎರೆಯಲ್ಲಿ ಹುಟ್ಟದು, ಕಣಕುಂಬಿಯ ಮಳೆಯಲ್ಲೂ ಹುಟ್ಟದು. ಎರಡರ ನಡುವಿನ ಗರಸು ಬೆರೆತ ಮಸಾರಿ ದಿನ್ನೆಗಳಲ್ಲಿ ಬಿಳಿ ವೈನಿನ ದ್ರಾಕ್ಷಿ ತಳಿ ಶೆನಿನ್ ಬ್ಲಾಂಕ್ ಅನ್ನು ನಾಲ್ಕು ಸಾಲು ನೆಟ್ಟು ನೋಡಬೇಕು. ನೆಡುವ ಮೊದಲು ಗುಂಡಿ ತೋಡಿ ಕೆಳಪದರದ ಮಣ್ಣನ್ನೂ ಬಾವಿಯ ನೀರನ್ನೂ ಪರೀಕ್ಷೆಗೆ ಕೊಡಿ. ಮೇಲ್ಮಣ್ಣಿನ ಬಣ್ಣ ನೋಡಿ ತೀರ್ಮಾನಿಸಬೇಡಿ.