ಮಾರಿಕುಪ್ಪಂ ಆಚೆಗಿನ ನಿಲ್ದಾಣಗಳು

ಬಂಗಾರಪೇಟೆಯಲ್ಲಿ ಮುಖ್ಯ ಮಾರ್ಗದಿಂದ ಕವಲೊಡೆದ ರೈಲು ಕೋರಮಂಡಲ್, ಉರಿಗಾಂ, ಚಾಂಪಿಯನ್ ದಾಟಿ ಮಾರಿಕುಪ್ಪಂ ತಲುಪಿದರೆ ವೇಳಾಪಟ್ಟಿಯ ಮಟ್ಟಿಗೆ ಪ್ರಯಾಣ ಮುಗಿಯಿತು. 1894ರಲ್ಲಿ ಹಾಕಿದ ಈ ಹತ್ತು ಮೈಲಿಯ ಕವಲು ಮಾರ್ಗ ಇಂದಿಗೂ ಜನರನ್ನು ಹೊರುತ್ತಿದೆ. ಆದರೆ ಕೋಲಾರ ಚಿನ್ನದ ಗಣಿಗಳು (ಕೆ.ಜಿ.ಎಫ್.) ಮುಚ್ಚಿದ 2001ರ ಫೆಬ್ರವರಿ 28ರವರೆಗೆ ಪ್ರಯಾಣ ಅಲ್ಲಿಗೆ ಮುಗಿಯುತ್ತಿರಲಿಲ್ಲ. ಗಣಿಗಳ ಶಾಫ್ಟುಗಳಲ್ಲಿ ಅದು ನೆಟ್ಟಗೆ ಕೆಳಗಿಳಿದು, ಸುಮಾರು ನೂರಡಿಗೊಂದರಂತೆ ಇದ್ದ ಅಡ್ಡ ಸುರಂಗಗಳಲ್ಲಿ, ಅಂದರೆ ಲೆವೆಲ್‌ಗಳಲ್ಲಿ ಮತ್ತೆ ಹಳಿ ಹಿಡಿಯುತ್ತಿತ್ತು. ಆಳದ ಗಣಿಯಲ್ಲಿ ಲೆವೆಲ್‌ಗಳ ಎಣಿಕೆ ನೂರನ್ನು ದಾಟಿತ್ತು. ಹಳಿಯ ಅಗಲ ಬೇರೆ, ಗಾಡಿ ಬೇರೆ ಎಂಬುದು ನಿಜ. ಆದರೂ ಇವೆಲ್ಲ ಸೇರಿ ಒಂದೇ ಸಾರಿಗೆ ವ್ಯವಸ್ಥೆ. ಕ್ಯಾಸಂಬಳ್ಳಿ, ಬೇತಮಂಗಲದ ಕಡೆಯಿಂದ ಕೆ.ಜಿ.ಎಫ್.ಗೆ ಬರುವವರ ಕಣ್ಣಿಗೆ ಇವತ್ತು ಬೀಳುವುದು ಚಿನ್ನ ತೆಗೆದು ಉಳಿದ ಪುಡಿಯ ಸೈನೈಡ್ ದಿಬ್ಬಗಳು. ನಮ್ಮ ನಾಡಿನ ಮೊದಲ ನೆಲದಡಿ ರೈಲು ಇಲ್ಲಿತ್ತು ಎಂದು ಹೇಳುವ ಗುರುತು ಯಾವುದೂ ಆ ದಾರಿಯಲ್ಲಿ ಸಿಗುವುದಿಲ್ಲ.

ಹಳೆಯ ನೆಲದಡಿ ರೈಲುಗಳ ಮೇಲಿನ ಮೋಹ ಲೋಕದಲ್ಲಿ ಹೊಸದೇನಲ್ಲ. 1890ರಲ್ಲಿ ವಿದ್ಯುತ್ತಿನಿಂದ ಓಡಿದ ಸುರಂಗ ರೈಲಿನ ಕಿಟಕಿಯಿಲ್ಲದಂಥ ಬೋಗಿಯನ್ನು ಲಂಡನ್ನಿನವರು ವಸ್ತುಸಂಗ್ರಹಾಲಯದಲ್ಲಿಟ್ಟು ಕಾಪಾಡಿದ್ದಾರೆ. 1938ರ ಕೆಂಪು ಗಾಡಿಗಳನ್ನು ಆಗಾಗ ಓಡಿಸಿಯೂ ತೋರಿಸುತ್ತಾರೆ. ಕೋಲ್ಕತ್ತದವರು 1984ರಿಂದ ಓಡಿದ ಮೆಟ್ರೊದ ಹವಾನಿಯಂತ್ರಣವಿಲ್ಲದ ಗಾಡಿಗಳನ್ನು 2021ರಲ್ಲಿ ಪ್ರೀತಿಯಿಂದ ಬೀಳ್ಕೊಟ್ಟರು. ಬೆಂಗಳೂರಿನ ಮೆಟ್ರೊ ನೆಲದಡಿಗೆ ಇಳಿದದ್ದು 2016ರಲ್ಲಿ. ದಕ್ಷಿಣ ಭಾರತದಲ್ಲಿ ಇದೇ ಮೊದಲು ಎಂದು ಹೆಮ್ಮೆಪಟ್ಟೆವು. ಲಂಡನ್ನಿನ ಅತಿ ಆಳದ ನಿಲ್ದಾಣ 60 ಮೀಟರಿಗಿಂತ ಕೆಳಗಿಲ್ಲ. ಕೆ.ಜಿ.ಎಫ್.ನ ಚಾಂಪಿಯನ್ ರೀಫ್ ಗಣಿಯ ತಳ 3 ಕಿಲೋಮೀಟರಿಗೂ ಆಳದಲ್ಲಿತ್ತು. ಇಷ್ಟಿದ್ದೂ ಕೋಲಾರ ಚಿನ್ನದ ಗಣಿ ಎಂದರೆ ನಮಗೆ ನೆನಪಾಗುವುದು ಚಿನ್ನ. ಅಲ್ಲಿ ಉಳಿಸಿಕೊಳ್ಳಬೇಕಾದದ್ದು ಆ ಚಿನ್ನವನ್ನೂ ಜನರನ್ನೂ ಹೊತ್ತ ವ್ಯವಸ್ಥೆ ಎಂಬುದು ನನ್ನ ವಾದ.

ಇತಿಹಾಸವನ್ನು ಚುಟುಕಾಗಿ ಹೇಳಬಹುದು. 1802ರಲ್ಲಿ ಜಾನ್ ವಾರನ್ ಎಂಬ ಸೇನಾಧಿಕಾರಿ ಇಲ್ಲಿ ಹಳ್ಳಿಗರು ಚಿನ್ನ ತೆಗೆಯುವುದನ್ನು ದಾಖಲಿಸಿದ. 1870ರ ದಶಕದಲ್ಲಿ ಮೈಕೆಲ್ ಲವೆಲ್ ಮೈಸೂರು ಸರ್ಕಾರದಿಂದ ಪರವಾನಗಿ ಪಡೆದ. 1880ರಿಂದ ಜಾನ್ ಟೇಲರ್ ಕಂಪನಿ ಗಣಿಗಳನ್ನು ನಡೆಸಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಹರಿದು ಇಲ್ಲಿಗೆ ಬಂತು. ಬೆಂಗಳೂರಿನ ಬೀದಿಗೆ ದೀಪ ಬರಲು ಇನ್ನೂ ಮೂರು ವರ್ಷ ಕಾಯಬೇಕಾಯಿತು. 1956ರಲ್ಲಿ ಗಣಿಗಳು ರಾಜ್ಯ ಸರ್ಕಾರದ ಕೈಗೆ, 1962ರಲ್ಲಿ ಕೇಂದ್ರದ ಕೈಗೆ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್‌ಗೆ ಹೋದವು.

ಈ ವ್ಯವಸ್ಥೆಯ ಜೀವ ಇದ್ದದ್ದು ವೈಂಡರ್ ಮನೆಯಲ್ಲಿ, ಅಂದರೆ ಹಗ್ಗ ಸುತ್ತುವ ಯಂತ್ರದ ಕಟ್ಟಡದಲ್ಲಿ. ಶಾಫ್ಟಿನ ಮೇಲೆ ನಿಂತ ಕಬ್ಬಿಣದ ಗೋಪುರ ಎಲ್ಲರ ಚಿತ್ರಗಳಲ್ಲೂ ಬರುತ್ತದೆ. ಅದರ ತುದಿಯ ಗಾಲಿಗಳ ಮೇಲೆ ಹಾಯ್ದ ಉಕ್ಕಿನ ಹಗ್ಗ ಎಲ್ಲಿಗೆ ಹೋಗುತ್ತಿತ್ತೆಂದು ಹೆಚ್ಚು ಜನ ಕೇಳುವುದಿಲ್ಲ. ಅದು ಪಕ್ಕದ ಕಟ್ಟಡದೊಳಗಿನ ದೈತ್ಯ ಡ್ರಮ್ಮಿಗೆ ಸುತ್ತಿಕೊಳ್ಳುತ್ತಿತ್ತು. ಎರಡು ಕೊಡ ಕಟ್ಟಿದ ಬಾವಿಯ ರಾಟೆಯ ಹಾಗೆ ಜನರನ್ನು ಹೊರುವ ಒಂದು ಕೇಜ್, ಅಂದರೆ ಪಂಜರ, ಇಳಿಯುವಾಗ ಇನ್ನೊಂದು ಏರಿದರೆ ಭಾರ ಸರಿದೂಗುತ್ತದೆ. ಆದರೆ ಚಾಂಪಿಯನ್ ರೀಫ್‌ನ ಗಿಫರ್ಡ್ ಶಾಫ್ಟಿನಂತೆ ಒಂದೇ ಹಗ್ಗ ಆರು ಸಾವಿರ ಅಡಿಗೂ ಆಳಕ್ಕೆ ಇಳಿಯುವ ಕಡೆ ಹಗ್ಗದ ತೂಕವೇ ಕೇಜಿನ ತೂಕವನ್ನು ಮೀರುತ್ತದೆ. ತಳದಿಂದ ಎತ್ತಲು ಶುರುಮಾಡುವಾಗ ಅಷ್ಟೂ ಹಗ್ಗ ಒಂದೇ ಕಡೆ ಜೋತುಬಿದ್ದಿರುತ್ತದೆ. ಅದಕ್ಕೆ ಆಳದ ಶಾಫ್ಟಿನ ಎಂಜಿನಿಯರುಗಳು ಕಂಡುಕೊಂಡ ಉಪಾಯ ಶಂಕುವಿನಾಕಾರದ ಡ್ರಮ್ಮು. ಭಾರ ಹೆಚ್ಚಿದ್ದಾಗ ಹಗ್ಗ ಡ್ರಮ್ಮಿನ ಸಣ್ಣ ಸುತ್ತಿನಲ್ಲಿ ಸುತ್ತಿಕೊಳ್ಳುತ್ತದೆ, ಭಾರ ಕಡಿಮೆಯಾದ ಹಾಗೆಲ್ಲ ದೊಡ್ಡ ಸುತ್ತಿಗೆ ಏರುತ್ತದೆ. ಮೋಟಾರು ಒದ್ದಾಡುವುದಿಲ್ಲ. ಇಷ್ಟು ಸರಳ, ಇಷ್ಟು ಜಾಣತನದ ಪರಿಹಾರವನ್ನು ಕಣ್ಣಾರೆ ತೋರಿಸಿ ಕಲಿಸುವ ಅವಕಾಶ ಎಂಜಿನಿಯರಿಂಗ್ ಓದುವ ಮಕ್ಕಳಿಗೆ ಬೇರೆ ಎಲ್ಲಿ ಸಿಗುತ್ತದೆ?

ಆ ಡ್ರಮ್ಮಿನ ಮುಂದೆ ಕೂರುತ್ತಿದ್ದ ವೈಂಡಿಂಗ್ ಡ್ರೈವರ್ ತಾನು ಓಡಿಸುವ ಗಾಡಿಯನ್ನು ನೋಡುತ್ತಲೇ ಇರಲಿಲ್ಲ. ಅವನಿಗಿದ್ದ ಆಧಾರ ಮೂರೇ: ಕೇಜ್ ಎಷ್ಟು ಆಳದಲ್ಲಿದೆಯೆಂದು ತೋರಿಸುವ ಮುಳ್ಳು, ಡ್ರಮ್ಮಿಗೆ ಬಳಿದ ಬಣ್ಣದ ಗುರುತು, ಮತ್ತು ಗಂಟೆ. ಗಣಿಯ ನಿಯಮದಂತೆ ಮೂರು ಹೊಡೆತವೆಂದರೆ ಜನ ಹತ್ತುತ್ತಾರೆ, ಎರಡೆಂದರೆ ಇಳಿಸು. ಒಂದು ಹೊಡೆತಕ್ಕೆ ಎರಡರ್ಥ: ನಿಂತ ಕೇಜಿಗೆ ಎತ್ತು, ಓಡುವ ಕೇಜಿಗೆ ನಿಲ್ಲು. ಒಂದೇ ಸದ್ದನ್ನು ಕೇಜಿನ ಸ್ಥಿತಿ ನೋಡಿ ತಿಳಿಯಬೇಕಾದ ಈ ಭಾಷೆಯಲ್ಲಿ ತಪ್ಪಿದರೆ ಜೀವ ಹೋಗುತ್ತದೆ. ಉದ್ದನೆಯ ಹಗ್ಗ ಹಿಗ್ಗುವುದರಿಂದ ಆಳದ ಲೆವೆಲಿನಲ್ಲಿ ಜನ ಹತ್ತಿದ ಹಾಗೆ ಕೇಜ್ ತುಸು ಕುಸಿಯುತ್ತದೆ, ಇಳಿದ ಹಾಗೆ ಮೇಲೇಳುತ್ತದೆ. ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇನ್ನೂ ಕೆಳಗೆ ಹೋಗುವವರು ಅಲ್ಲಿ ಇಳಿದು, ಸುರಂಗದಲ್ಲಿ ನಡೆದು, ನೆಲದಡಿಯೇ ಕೂರಿಸಿದ ಮತ್ತೊಂದು ವೈಂಡರಿನ ಕೇಜ್ ಹತ್ತುತ್ತಿದ್ದರು. ಲೆವೆಲ್‌ಗಳಲ್ಲಿ ಅದಿರು ತುಂಬಿದ ಕಬ್ಬಿಣದ ತೊಟ್ಟಿಗಾಡಿಗಳು ಹಳಿಯ ಮೇಲೆ ಶಾಫ್ಟಿನತ್ತ ಬರುತ್ತಿದ್ದವು, ಬಹುಪಾಲು ಮನುಷ್ಯರ ಕೈಬಲದಿಂದ. ಬ್ಯಾಟರಿ ಎಂಜಿನ್ ಆಮೇಲಿನದು. 1965ರಲ್ಲಿ ವಾತಾವರಣದ ನ್ಯೂಟ್ರಿನೊಗಳನ್ನು ಪತ್ತೆಹಚ್ಚಿದ ವಿಜ್ಞಾನಿಗಳೂ ತಮ್ಮ ಉಪಕರಣಗಳನ್ನು ಇದೇ ದಾರಿಯಲ್ಲಿ ಇಳಿಸಿದ್ದರು.

ಕೇಜ್ ಎಂದರೆ ಲಿಫ್ಟು, ಅದನ್ನು ರೈಲು ಎನ್ನುವುದು ಉತ್ಪ್ರೇಕ್ಷೆ ಎನ್ನುವವರಿದ್ದಾರೆ. ಒಂದು ಕೇಜನ್ನಷ್ಟೇ ನೋಡಿದರೆ ಅವರ ಮಾತು ಸರಿ. ಆದರೆ ವೇಳಾಪಟ್ಟಿ, ನಿಲ್ದಾಣ, ಸಂಕೇತ, ಗಾಡಿ ಬದಲಿಸುವ ಜಾಗ, ಪಾಳಿಗೆ ತಕ್ಕ ಜನದಟ್ಟಣೆ ಎಲ್ಲವೂ ಇದ್ದ ಮೇಲೆ ಅದನ್ನು ಇನ್ನೇನೆಂದು ಕರೆಯುವುದು? ಗಣಿಗಳು ಭರದಲ್ಲಿದ್ದ ಕಾಲದಲ್ಲಿ ಮೂವತ್ತು ಸಾವಿರದ ಆಸುಪಾಸು ಜನ ಇಲ್ಲಿ ದುಡಿದರು. ಇನ್ನೊಂದು ಆಕ್ಷೇಪ ಇದಕ್ಕಿಂತ ತೂಕದ್ದು. ಬಂಡೆ ಸಿಡಿದು ಸತ್ತವರು, ದೂಳು ಕುಡಿದು ಶ್ವಾಸಕೋಶ ಕಳೆದುಕೊಂಡವರು, ಕಳ್ಳರೆಂಬಂತೆ ತಪಾಸಣೆಗೆ ಒಳಗಾದವರ ಊರಲ್ಲಿ ಯಂತ್ರಕ್ಕಾಗಿ ಹಂಬಲಿಸುವುದು ನ್ಯಾಯವೇ ಎಂಬುದು. ಹಂಬಲ ಯಂತ್ರದ ಅಂದಕ್ಕಷ್ಟೇ ನಿಂತರೆ ಖಂಡಿತ ಅನ್ಯಾಯ. ಆದರೆ ಯಂತ್ರವನ್ನು ಗುಜರಿಗೆ ಹಾಕಿದರೆ ಆ ನೋವಿಗೂ ಸಾಕ್ಷಿ ಇಲ್ಲದಂತಾಗುತ್ತದೆ. ಬೆರಳಚ್ಚು ಕೊಡಬೇಕೆಂಬ ಕಟ್ಟಳೆಯ ವಿರುದ್ಧ 1930ರಲ್ಲಿ ಮುಷ್ಕರ ಹೂಡಿದವರು ದಿನವೂ ಇದೇ ಕೇಜ್ ಹತ್ತಿದವರು. ಉತ್ತರ ಆರ್ಕಾಟಿನಿಂದ, ಚಿತ್ತೂರಿನಿಂದ ಬಂದ ಎಷ್ಟೋ ದಲಿತ ಕುಟುಂಬಗಳಿಗೆ ಗಣಿಯ ಕೂಲಿ ಊರಿನ ಜೀತದಿಂದ ಪಾರಾಗುವ ದಾರಿಯೂ ಆಗಿತ್ತು. ಈ ಎರಡನ್ನೂ ಒಟ್ಟಿಗೆ ಹೇಳಬಲ್ಲ ಜಾಗ ವೈಂಡರ್ ಮನೆ.

ನೀರು ತುಂಬಿದ ಶಾಫ್ಟುಗಳನ್ನು ಬತ್ತಿಸುವುದು ಆಗದ ಮಾತು, ಕೆಲಸಕ್ಕಾಗಿ ದಿನವೂ ಬೆಂಗಳೂರಿಗೆ ರೈಲು ಹತ್ತುವ ಊರಿಗೆ ಮ್ಯೂಸಿಯಂ ಹೊಟ್ಟೆ ತುಂಬಿಸುವುದಿಲ್ಲ ಎಂಬ ಮಾತನ್ನೂ ಒಪ್ಪುತ್ತೇನೆ. ಆದರೆ ಯಾರನ್ನೂ ಆಳಕ್ಕೆ ಇಳಿಸಬೇಕಿಲ್ಲ. ವೈಂಡರ್, ಗೋಪುರ, ಗಂಟೆಯ ಹಲಗೆ ಎಲ್ಲ ಇರುವುದು ನೆಲದ ಮೇಲೆ. ಒಂದು ಶಾಫ್ಟಿನದನ್ನು ಪೂರ್ತಿಯಾಗಿ ಉಳಿಸಿ, ಮಾರಿಕುಪ್ಪಂ ರೈಲಿನಲ್ಲೇ ಶಾಲಾ ಮಕ್ಕಳನ್ನು ಕರೆತಂದರೆ ಆರಂಭಕ್ಕೆ ಸಾಕು. ಕಬ್ಬಿಣ ಇನ್ನು ಕೆಲವು ವರ್ಷ ತಾಳಿಕೊಂಡೀತು. ತುರ್ತು ಇರುವುದು ಬೇರೆ ಕಡೆ: ಗಣಿ ಮುಚ್ಚಿದಾಗ ನಡುವಯಸ್ಸಿನಲ್ಲಿದ್ದ ಡ್ರೈವರುಗಳಿಗೆ ಈಗ ಮುಪ್ಪು. ಬ್ರೇಕನ್ನು ಯಾವ ಗುರುತಿನಲ್ಲಿ ಹಿಡಿಯುತ್ತಿದ್ದಿರಿ, ಮಳೆಗಾಲದಲ್ಲಿ ಹಗ್ಗ ಹೇಗಿರುತ್ತಿತ್ತು, ಗಾಯಾಳು ಹತ್ತಿದ ದಿನ ಕೇಜನ್ನು ಹೇಗೆ ಎತ್ತಿದಿರಿ ಎಂದು ಅವರ ಮನೆಗಳಿಗೇ ಹೋಗಿ ಕೇಳಿ, ಅವರ ತಮಿಳು, ತೆಲುಗು, ಕನ್ನಡದಲ್ಲೇ ಧ್ವನಿಮುದ್ರಿಸಿಕೊಳ್ಳುವ ಕೆಲಸಕ್ಕೆ ದೊಡ್ಡ ದುಡ್ಡೂ ಬೇಡ, ಯಾವ ಇಲಾಖೆಯ ಅನುಮತಿಯೂ ಬೇಡ.